ನಡುವಿನ ಸ್ಪೀಕರ್

ಬರೆಯಲು ಕೂತಾಗಲೇ ಒಂದು ಮಾತು ಒಪ್ಪಿಕೊಳ್ಳಬೇಕು. ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಭಾವನ ಹೋಮ್ ಥಿಯೇಟರಿನ ಆ ರಿಸೀವರ್ ಜಗಳೂರಿನಿಂದ ಬಂದದ್ದು ಶ್ರಾವಣಕ್ಕೆ ಮುಂಚೆಯೋ ಆಮೇಲೋ, ಅದಕ್ಕೆ ಸುತ್ತಿದ್ದ ಬಟ್ಟೆ ಅಕ್ಕನ ಹಳೆಯ ಸೀರೆಯೋ ಬರೀ ಬೆಡ್‌ಶೀಟೋ, ಖಚಿತವಾಗಿ ಹೇಳಲಾರೆ. ಸೀರೆ ಎಂದೇ ನನ್ನ ನೆನಪು. ಆದರೆ ಅದು ಸೀರೆಯಾಗಿರಲಿ ಎಂಬ ಆಸೆ ನನಗೆ ಇದ್ದದ್ದರಿಂದ ಆ ನೆನಪನ್ನು ನಂಬಲು ಹೆದರುತ್ತೇನೆ.

ಅನುಮಾನವಿಲ್ಲದ್ದು ಒಂದೇ. ಅಕ್ಕ ಆಡಿದ ಒಂದು ಮಾತನ್ನು ನಾನು ಇನ್ನೊಂದು ಸಲ ಕೇಳಬೇಕಾಗಿತ್ತು.

ನಾವಿಬ್ಬರೂ ಹುಟ್ಟಿ ಬೆಳೆದದ್ದು ಚನ್ನಗಿರಿಯಲ್ಲಿ. ಅವಳನ್ನು ಜಗಳೂರಿಗೆ ಕೊಟ್ಟರು. ನಾನು ಓದು ಮುಗಿಸಿ ಹೊನ್ನಾಳಿಯ ಕಾಲೇಜಿನಲ್ಲಿ ಸಮಾಜಶಾಸ್ತ್ರ ಪಾಠ ಹೇಳುತ್ತ, ನ್ಯಾಮತಿಯಲ್ಲಿ ಮಹಡಿಯ ಮೇಲೊಂದು ಬಾಡಿಗೆ ಮನೆಯಲ್ಲಿ ಒಬ್ಬಳೇ ಇದ್ದೇನೆ. ಮದುವೆಯಾಗಲಿಲ್ಲ, ಅದಕ್ಕೆ ಹೇಳಿಕೊಳ್ಳುವಂಥ ಕಾರಣವೇನೂ ಇಲ್ಲ. ಅಕ್ಕ ಭಾವನಿಗೆ ಮಕ್ಕಳಾಗಲಿಲ್ಲ. ಭಾವನಿಗೆ ಜಗಳೂರಿನಲ್ಲಿ ಪಂಪು ಮೋಟಾರಿನ ಅಂಗಡಿ. ಅವರಿಬ್ಬರೂ ಮನೆ ಕಟ್ಟಿಸಿ ಗೃಹಪ್ರವೇಶ ಮಾಡಿದ ದಿನ ಅಕ್ಕ ವಿಡಿಯೋದವನನ್ನು ಹಿಂದಿಟ್ಟುಕೊಂಡು ಒಂದೊಂದೇ ಕೋಣೆ ತೋರಿಸುತ್ತ ಬಂದಳು. ಅಡಿಗೆಮನೆಯ ಪಕ್ಕದ ಚಿಕ್ಕ ರೂಮಿನ ಬಾಗಿಲಲ್ಲಿ ನಿಂತು, "ಇದು ನನ್ನ ತಂಗಿ ರೂಮು" ಎಂದಳು. ನಾನು ಹತ್ತಿರದಲ್ಲೇ ಇದ್ದೆ, ಕೇಳಿಸಿಕೊಂಡೆ. ಅಥವಾ ಕೇಳಿಸಿಕೊಂಡೆ ಎಂದುಕೊಂಡಿದ್ದೇನೆ. ಆ ದಿನದ ದಿನಚರಿಯಲ್ಲಿ ಊಟಕ್ಕೆ ಏನೇನಿತ್ತು ಎಂದು ಬರೆದಿದ್ದೇನೆ, ಈ ಮಾತನ್ನು ಬರೆದಿಲ್ಲ. ಅಷ್ಟು ದೊಡ್ಡ ಮಾತನ್ನು ಬರೆಯದೆ ಇರುತ್ತಿದ್ದೆನೇ?

ಅಕ್ಕ ಹೋದ ಮೇಲೆ, ಕಾರ್ಯಗಳೆಲ್ಲ ಮುಗಿದ ಮೇಲೆ, ನಾನು ಜಗಳೂರಿಗೆ ಹೋಗಿಲ್ಲ. ಭಾವ ಒಬ್ಬರೇ ಇರುವ ಮನೆಗೆ ನಾದಿನಿ ಯಾವ ನೆಪದಲ್ಲಿ ಹೋಗಬೇಕು? ಹೋದರೆ ಅವರೂ ಸಂಕೋಚಪಡುತ್ತಾರೆ, ನಾನೂ ಹಾಲಿನ ಸೋಫಾದ ತುದಿಯಲ್ಲಿ ಕೂತು ಬಸ್ಸಿನ ಹೊತ್ತು ನೋಡುತ್ತೇನೆ. ಆದರೆ ಅಕ್ಕ ಆ ಮಾತು ನಿಜವಾಗಿ ಆಡಿದ್ದರೆ, ಈ ಜಿಲ್ಲೆಯಲ್ಲಿ ನಾನು ಬಾಡಿಗೆ ಕೊಡದೆ ಬಾಗಿಲು ತೆರೆಯಬಹುದಾದ ಕೋಣೆ ಒಂದಿದೆ ಎಂದಾಯಿತು. ಹೋಗುತ್ತೇನೋ ಇಲ್ಲವೋ, ಅದು ಬೇರೆ.

ಭಾವನ ಹತ್ತಿರ ಆ ವಿಡಿಯೋ ಕೇಳಿದೆ. ಪೆನ್‌ಡ್ರೈವಿನಲ್ಲಿ ಹಾಕಿ ಕಳಿಸಿದರು. ಲ್ಯಾಪ್‌ಟಾಪಿಗೆ ಸಿಕ್ಕಿಸಿ ನೋಡಿದರೆ ವಾಲಗ ಕೇಳುತ್ತಿತ್ತು, ಪಾತ್ರೆಗಳ ಸದ್ದು ಕೇಳುತ್ತಿತ್ತು, ಯಾರದೋ ಮಗುವಿನ ರಂಪಾಟ ಕೇಳುತ್ತಿತ್ತು. ಅಕ್ಕನ ಬಾಯಿ ಆಡುತ್ತಿತ್ತು, ಮಾತು ಮಾತ್ರ ಇಲ್ಲ. ಕಿವಿಗೆ ಹೆಡ್‌ಫೋನ್ ಹಾಕಿದರೂ ಅಷ್ಟೇ. ಅವಳು ಆ ಬಾಗಿಲಲ್ಲಿ ನಿಂತು ಏನೋ ಹೇಳುತ್ತಾಳೆ, ನಗುತ್ತಾಳೆ, ಮುಂದೆ ಹೋಗುತ್ತಾಳೆ. ತುಟಿ ನೋಡಿ ಊಹಿಸಲು ಪ್ರಯತ್ನಿಸಿದೆ. "ತಂಗಿ" ಎಂದಂತೆ ಕಂಡಿತು. ಇನ್ನೊಂದು ಸಲ ನೋಡಿದಾಗ ಹಾಗೆ ಕಾಣಲಿಲ್ಲ.

ಭಾವನಿಗೆ ಫೋನ್ ಮಾಡಿದೆ.

"ಅದು ಫೈವ್ ಪಾಯಿಂಟ್ ಒನ್ನವ್ವಾ," ಎಂದರು. ಸದ್ದಿನ ವಿಷಯಕ್ಕೆ ಬಂದರೆ ಅವರ ದನಿಯಲ್ಲಿ ಮೊದಲಿನ ಹುರುಪು ಸ್ವಲ್ಪ ಮರಳುತ್ತದೆ. "ಸ್ಟುಡಿಯೋದವನ ಹಿಂದೆ ಬಿದ್ದು ಮಾಡಿಸಿದ್ದೆ. ವಾಲಗ ಒಂದ್ ಕಡೆಯಿಂದ, ಜನದ ಗದ್ದಲ ಹಿಂದಿನಿಂದ, ಮಾತೆಲ್ಲಾ ನಡುವಿನ ಸ್ಪೀಕರಿಗೆ. ಲ್ಯಾಪ್‌ಟಾಪಿನಾಗೆ ಕೇಳಿದ್ರೆ ಪಾಯಸದ ವಾಸನೆ ತಗಂಡು, ಉಣ್ಣದೇ ಎದ್ದು ಬಂದಂಗೆ."

"ಮತ್ತೆ ಹೆಂಗೆ ಕೇಳೋದು ಭಾವ?"

"ನಮ್ಮನೆ ಸೆಟ್ಟೇ ತಗಂಡು ಬಿಡು. ಇಲ್ಲಿ ಅದನ್ನ ಹಾಕೋರು ಯಾರವ್ವಾ? ಬಸ್ಸಿಗೆ ಹಾಕ್ತೀನಿ, ಹೊನ್ನಾಳ್ಯಾಗೆ ಇಳಿಸ್ಕೋ."

ಹಾಗೆ ಆ ರಿಸೀವರೂ ಐದು ಸ್ಪೀಕರುಗಳೂ ಕುರ್ಚಿಯಷ್ಟು ದೊಡ್ಡ ಇನ್ನೊಂದು ಡಬ್ಬಿಯೂ ಖಾಸಗಿ ಬಸ್ಸಿನ ಡಿಕ್ಕಿಯಲ್ಲಿ, ಯಾರದೋ ಈರುಳ್ಳಿ ಚೀಲಗಳ ನಡುವೆ, ಬಂದು ಇಳಿದವು. ಕಂಡಕ್ಟರ್ ನನ್ನನ್ನು ನೋಡಿ, "ಆರ್ಕೆಸ್ಟ್ರಾದೋರಾ ಮೇಡಂ?" ಎಂದ.

ಅವನ್ನೆಲ್ಲ ಜೋಡಿಸಲು ಕೂತದ್ದು ಒಂದು ಭಾನುವಾರ, ಊಟದ ಮೇಲೆ. ಲ್ಯಾಪ್‌ಟಾಪಿನಲ್ಲಿ ಸೆಟ್ಟಿನ ಜೊತೆ ಬಂದ ಆಪ್ಟಿಕಲ್ ಕೇಬಲ್ಲಿಗೆ ಹೊಂದುವ ಕಿಂಡಿ ಇಲ್ಲ. ಓದುವ ಕಾಲದಲ್ಲಿ ಮಾಡಿಸಿಕೊಂಡ ಹಳೆಯ ಕಂಪ್ಯೂಟರಿನ ಬೆನ್ನಿನಲ್ಲಿ ಇತ್ತು. ಅದರ ಕಪ್ಪು ಬಿರಡೆಯನ್ನು ಅಷ್ಟು ವರ್ಷ ನಾನು ತೆಗೆದೇ ಇರಲಿಲ್ಲ. ಆ ಕೇಬಲ್ಲಿನಲ್ಲಿ ಸದ್ದು ಬೆಳಕಾಗಿ ಹರಿಯುತ್ತದಂತೆ. ಕೇಬಲ್ಲಿನ ಒಂದು ತುದಿ ಕಂಪ್ಯೂಟರಿಗೆ, ಇನ್ನೊಂದು ರಿಸೀವರಿಗೆ. ಎಲ್ಲ ಸಿಕ್ಕಿಸಿ, ಸ್ವಿಚ್ ಹಾಕಿ, ವಿಡಿಯೋ ಹಚ್ಚಿದೆ. ಒಂದು ಸದ್ದೂ ಇಲ್ಲ. ಈಗ ವಾಲಗವೂ ಹೋಯಿತು.

ರಿಸೀವರಿನ ಮುಂದಿನ ಗುಂಡಿ ತಿರುಗಿಸುತ್ತ ಒಂದೊಂದೇ ಇನ್‌ಪುಟ್ ನೋಡಿದೆ. ಇಲ್ಲ. ಕಂಪ್ಯೂಟರಿನ ಸೆಟ್ಟಿಂಗಿಗೆ ಹೋದರೆ ಅದು ಸದ್ದನ್ನೆಲ್ಲ ಮಾನಿಟರಿಗೆ ಕಳಿಸುತ್ತಿತ್ತು. ಆ ಮಾನಿಟರಿಗೆ ಸ್ಪೀಕರೇ ಇಲ್ಲ. ಬದಲಾಯಿಸಿ ಡಿಜಿಟಲ್ ಔಟ್‌ಪುಟ್ ಎಂದು ಕೊಟ್ಟೆ. ಪರದೆಯ ಮೂಲೆಯಲ್ಲಿ ಹಸಿರು ಗೆರೆಗಳು ಮೇಲೆ ಕೆಳಗೆ ಕುಣಿಯತೊಡಗಿದವು. ಕಂಪ್ಯೂಟರಿನ ಪ್ರಕಾರ ಅದು ಮಾತಾಡುತ್ತಿತ್ತು. ಕೋಣೆಯಲ್ಲಿ ಮಾತ್ರ ಫ್ಯಾನಿನ ಸದ್ದು.

ಒಣ ಹಾಕಿದ ಬಟ್ಟೆ ತೆಗೆಯಲು ಮೇಲೆ ಬಂದ ಮನೆ ಓನರಮ್ಮ ಬಾಗಿಲಲ್ಲಿ ನಿಂತರು.

"ಏನ್ರೀ ಮೇಡಂ, ನಮ್ ಮನೇನ ಟಾಕೀಸ್ ಮಾಡಾಕೆ ಹೊಂಟೀರೇನು?"

"ಇಲ್ಲಮ್ಮ, ಒಂದು ವಿಡಿಯೋ ನೋಡಬೇಕಿತ್ತು."

"ಒಂದ್ ವಿಡಿಯೋಕ್ಕೆ ಇಷ್ಟು ಡಬ್ಬಿ? ನಮ್ಮನೆಯವ್ರು ಬೆರಳಷ್ಟು ಫೋನಿನಾಗೆ ಇಡೀ ಸಿನಿಮಾ ನೋಡಿ ಗೊರಕೆನೂ ಹೊಡಿತಾರೆ."

"ಅದರಲ್ಲಿ ಮಾತು ಕೇಳಲ್ಲಮ್ಮ."

"ಯಾರ ಮಾತು?"

"ನಮ್ಮಕ್ಕಂದು."

ಅವರು ಒಳಗೆ ಬಂದರು. ಬಟ್ಟೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಸ್ವಲ್ಪ ಹೊತ್ತು ಕೂತರು. ನಾನು ಒಂದು ವೈರ್ ತೆಗೆದು ಇನ್ನೊಂದು ಹಾಕುವುದನ್ನು ನೋಡಿದರು. ಎದ್ದು ಹೋಗುವಾಗ, "ಕೇಳಿದ್ರೆ ನನ್ನೂ ಕರೀರಿ" ಎಂದರು. ನಾನು ಕರೆಯಲಿಲ್ಲ.

ಗೊತ್ತಿಲ್ಲದ್ದನ್ನು ಗೊತ್ತಿರುವುದರಿಂದ ಬೇರೆ ಮಾಡಿಕೊಂಡು ಬರಬೇಕು ಎಂದು ತರಗತಿಯಲ್ಲಿ ಹೇಳುತ್ತಿರುತ್ತೇನೆ. ರಿಸೀವರಿನಲ್ಲಿ ಎಫ್‌ಎಂ ಹಾಕಿದೆ. ಯಾರೋ ಕೃಷಿ ವಿಚಾರ ಮಾತಾಡುವುದು ಚೆನ್ನಾಗಿ ಕೇಳಿತು. ಅಲ್ಲಿಗೆ ರಿಸೀವರೂ ಸ್ಪೀಕರೂ ಸರಿ ಇದ್ದಂತಾಯಿತು. ಕಂಪ್ಯೂಟರೂ ಕಳಿಸುತ್ತಿದೆ. ಹಾಗಾದರೆ ತೊಂದರೆ ನಡುವೆ ಇರಬೇಕು. ಕೇಬಲ್ಲನ್ನು ರಿಸೀವರಿನ ಕಡೆ ಬಿಚ್ಚಿ ತುದಿಯನ್ನು ಅಂಗೈಗೆ ಹಿಡಿದೆ. ಕೆಂಪು ಬೆಳಕು ಬೀಳಬೇಕು ಎಂದು ಓದಿದ್ದೆ. ಬೀಳಲಿಲ್ಲ. ಕಿಟಕಿಗೆ ಹಿಡಿದು ನೋಡಿದರೆ ಅದರ ಚಿಕ್ಕ ಗಾಜಿನಂಥ ಕಣ್ಣಿನ ಮೇಲೆ ಬಿಳಿಯದೇನೋ ಅಂಟಿ ಒಣಗಿತ್ತು. ಕಿವಿಗೆ ಹಾಕುವ ಹತ್ತಿಕಡ್ಡಿಯನ್ನು ಒದ್ದೆ ಮಾಡಿ ತಿರುವಿ ತಿರುವಿ ಒರೆಸಿದೆ. ಅಂಗೈಯಲ್ಲಿ ಕುಂಕುಮದಷ್ಟು ಕೆಂಪು ಚುಕ್ಕೆ ಮೂಡಿತು.

ಒರೆಸಿದ ಮೇಲೆ ಹೊಳೆಯಿತು. ಅದು ವಿಭೂತಿ.

ನಮ್ಮ ಮನೆಗಳಲ್ಲಿ ಆಯುಧ ಪೂಜೆಗೆ ಬಿಡುವ ವಸ್ತುವಿಲ್ಲ. ಸ್ಕೂಟರ್, ಮಿಕ್ಸಿ, ಗ್ಯಾಸಿನ ಸಿಲಿಂಡರ್, ಹೊಲಿಗೆ ಮಷೀನ್, ಅಂಗಡಿಯ ಕ್ಯಾಲ್ಕುಲೇಟರ್, ಎಲ್ಲಕ್ಕೂ ಒದ್ದೆ ವಿಭೂತಿಯ ಮೂರು ಪಟ್ಟೆ ಬೀಳಬೇಕು. ಅಕ್ಕನದು ಇನ್ನೂ ಒಂದು ಹೆಜ್ಜೆ ಮುಂದೆ. ಪ್ರತಿಯೊಂದನ್ನೂ ತಿರುಗಿಸಿ ನೋಡಿ ಅದರ ಮುಖ ಯಾವ ಕಡೆ ಇದೆ ಎಂದು ತೀರ್ಮಾನಿಸಿದ ಮೇಲೆಯೇ ಅವಳು ಹಚ್ಚುತ್ತಿದ್ದಳು. ಅವಳ ಕೊನೆಯ ಆಯುಧ ಪೂಜೆಯ ದಿನ ಫೋನಿನಲ್ಲಿ ಮಾತಾಡಿದ್ದೆವು. ಆಗಲೇ ಅವಳ ದನಿ ಸೋತಿತ್ತು.

"ನಿಮ್ ಭಾವನ ಡಬ್ಬಿಗೆ ಕಣ್ಣು ಹಿಂದೆ ಐತೆ ಕಣೆ, ಕೆಂಪಗೆ ಮಿಣಿ ಮಿಣಿ ಅಂತಿರ್ತೈತೆ. ಅದಕ್ಕೂ ಹಚ್ಚೀನಿ."

"ಎಲ್ಲಿಗೆ ಹಚ್ಚಿದೆ?"

"ಕಣ್ಣಿಗೇ. ವೈರ್ ಕಿತ್ತು ಅದರ ತುದಿಗೆ ಹಚ್ಚಿ, ತಿರುಗ ಸಿಗಿಸೀನಿ."

"ಭಾವ ಬೈತಾರೆ ನೋಡು."

"ನೋಡಿದ್ರೆ ತಾನೆ ಬೈಯಾಕೆ."

ಅವರು ನೋಡಲಿಲ್ಲ. ಆ ಹಬ್ಬದ ನಂತರ ಆಸ್ಪತ್ರೆಯ ಓಡಾಟ ಶುರುವಾಯಿತು, ಆ ಮನೆಯಲ್ಲಿ ಯಾರೂ ಸಿನಿಮಾ ಹಾಕಲಿಲ್ಲ. ಅವಳ ಬೆರಳು ಇಟ್ಟದ್ದು ಹಾಗೇ ಒಣಗಿ, ಜಗಳೂರಿನಿಂದ ಇಲ್ಲಿಯವರೆಗೆ ಬಂತು, ನಾನು ಅದನ್ನು ಅರ್ಧ ನಿಮಿಷದಲ್ಲಿ ಒರೆಸಿ ತೆಗೆದೆ. ಒರೆಸದೆ ಇದ್ದರೆ ಅವಳ ದನಿ ಬರುತ್ತಿರಲಿಲ್ಲ. ಎರಡರಲ್ಲಿ ಒಂದು ಎಂದು ಮೊದಲೇ ಗೊತ್ತಿದ್ದರೆ ಏನು ಮಾಡುತ್ತಿದ್ದೆ, ಗೊತ್ತಿಲ್ಲ.

ಇಲ್ಲಿಯೂ ನನಗೆ ಅನುಮಾನವಿದೆ. ಅದು ಗೋಡೆಯ ಸುಣ್ಣವೋ ಬರೀ ಧೂಳೋ ಆಗಿರಬಹುದು. ಆ ಫೋನಿನ ಮಾತು ಮೊದಲಿನಿಂದಲೂ ನನ್ನಲ್ಲಿತ್ತೋ, ಬಿಳಿಯದನ್ನು ಕಂಡ ಮೇಲೆ ಮನಸ್ಸು ಹೊಲಿದುಕೊಂಡಿತೋ? "ಕಣ್ಣು" ಎಂಬ ಮಾತು ಅವಳದೇ, ಅಷ್ಟನ್ನು ಮಾತ್ರ ಆಣೆ ಮಾಡಿ ಹೇಳಬಲ್ಲೆ. ಆ ಹತ್ತಿಕಡ್ಡಿಯನ್ನು ಕಸಕ್ಕೆ ಹಾಕಲು ಮನಸ್ಸಾಗದೆ ಕಿಟಕಿಯ ಮೇಲೆ ಇಟ್ಟೆ. ಮಾರನೆಯ ದಿನ ಇರಲಿಲ್ಲ. ಗಾಳಿಗೆ ಬಿದ್ದಿರಬೇಕು, ಇಲ್ಲವೇ ನಾನೇ ಗುಡಿಸಿರಬೇಕು.

ಕೇಬಲ್ ಮತ್ತೆ ಸಿಕ್ಕಿಸಿದೆ. ವಾಲಗ ಧಡಕ್ಕನೆ ಬಂತು, ನಾನು ಬೆಚ್ಚಿದೆ. ಆದರೆ ಬಂದದ್ದು ಮುಂದಿನ ಎರಡು ಸ್ಪೀಕರುಗಳಿಂದ ಮಾತ್ರ. ಅಕ್ಕ ಇನ್ನೂ ಮೂಕಿಯೇ. ಸಂಜೆಯವರೆಗೂ ಕಾರಣ ಹುಡುಕಿದೆ. ಯಾರೋ ಎಲ್ಲಿಯೋ ಇದೇ ತೊಂದರೆ ಬರೆದುಕೊಂಡಿದ್ದರು, ಯಾರೋ ಅವರಿಗೆ ಉತ್ತರ ಕೊಟ್ಟಿದ್ದರು. ವಿಡಿಯೋ ಆಡಿಸುವ ಪ್ರೋಗ್ರಾಮು ಐದು ಸದ್ದುಗಳ ಕಟ್ಟನ್ನು ತಾನೇ ಬಿಚ್ಚಿ, ಎಡದ್ದು ಬಲದ್ದು ಎರಡನ್ನೇ ಮುಂದಕ್ಕೆ ಕೊಟ್ಟು, ನಡುವಿನದನ್ನು ಬಿಟ್ಟುಬಿಡುತ್ತಿತ್ತು. ಬಿಚ್ಚಬೇಡ, ಬಂದದ್ದನ್ನು ಬಂದ ಹಾಗೆ ರಿಸೀವರಿಗೆ ದಾಟಿಸು ಎಂದು ಅದಕ್ಕೆ ಹೇಳಬೇಕಿತ್ತು. ಸೆಟ್ಟಿಂಗಿನ ಒಳಗಿನ ಒಳಗೆ ಒಂದು ಚಿಕ್ಕ ಚೌಕಕ್ಕೆ ಟಿಕ್ ಹಾಕಿದೆ. ರಿಸೀವರಿನೊಳಗೆ ಟಕ್ ಎಂದಿತು. ಅದರ ಮುಖದ ಮೇಲೆ ಸ್ಪೀಕರುಗಳ ಪುಟ್ಟ ಚೌಕಗಳು ಒಟ್ಟಿಗೆ ಹೊತ್ತಿಕೊಂಡವು.

"ಚಪ್ಪಲಿ ಅಲ್ಲೇ ಬಿಡ್ರಿ," ಎಂದಳು ಅಕ್ಕ.

ವಿಡಿಯೋದವನಿಗೆ ಹೇಳಿದ್ದು. ಅವಳ ದನಿ ನಾನು ನೆನಪಿನಲ್ಲಿ ಇಟ್ಟುಕೊಂಡಿದ್ದಕ್ಕಿಂತ ಸಣ್ಣಗಿತ್ತು, ವೇಗವಾಗಿತ್ತು. ಇಷ್ಟು ದಿನ ನಾನು ಮನಸ್ಸಿನಲ್ಲಿ ಕೇಳುತ್ತಿದ್ದದ್ದು ಯಾರ ದನಿ ಹಾಗಾದರೆ? ಹಿಂದಕ್ಕೆ ಸರಿಸಿ ಆ ಒಂದು ಮಾತನ್ನೇ ಮತ್ತೆ ಕೇಳಿದೆ, ಮತ್ತೆ ಕೇಳಿದೆ. ಹಿಂದಿನಿಂದ ಜನ ಮಾತಾಡುತ್ತಿದ್ದರು, ಪಕ್ಕದಲ್ಲಿ ವಾಲಗ, ನಡುವೆ ಅವಳು. ಕೋಣೆಯ ತುಂಬ ನೆಂಟರು. ಕುರ್ಚಿಯ ಮೇಲೆ ನಾನೊಬ್ಬಳು.

ದೇವರಮನೆ ಆಯಿತು, ಹಾಲ್ ಆಯಿತು. "ಇದು ಅಡಿಗೆಮನೆ, ಇವರು ಬರಂಗಿಲ್ಲ ಈ ಕಡೆ, ಚಾ ಮಾಡಾಕೂ" ಎಂದು ಭಾವನನ್ನು ಛೇಡಿಸಿದಳು. ಆಮೇಲೆ ಆ ಬಾಗಿಲು.

"ಇದು ಚಿಕ್ ರೂಮು," ಎಂದಳು.

"ಯಾರಿಗಕ್ಕಾ ಇದು?" ವಿಡಿಯೋದವನ ದನಿ.

ಅವಳು ನಕ್ಕಳು. ಚೌಕಟ್ಟಿನ ಹೊರಗೆ ನಿಂತಿದ್ದ ಭಾವನ ಕಡೆ ತಿರುಗಿ, "ನೀವೇ ಹೇಳ್ರಿ, ಯಾರಿಗೆ ಅಂತ ಮಾತಾಡಿದ್ವಿ?" ಎಂದಳು.

"ಬಾ ಬಾ, ಅಯ್ನೋರು ಕರಿತಾ ಇದಾರೆ," ಎಂದರು ಭಾವ. ಕ್ಯಾಮೆರಾ ಹೊರಳಿ ಪೂಜೆಯ ಕಡೆಗೆ ಹೋಯಿತು.

ಅಷ್ಟೇ. "ತಂಗಿ" ಎಂಬ ಶಬ್ದವೇ ಇಲ್ಲ. ನಾನು ಅಲ್ಲಿ ಹತ್ತಿರದಲ್ಲಿ ಇರಲೂ ಇಲ್ಲ. ಮುಂದಿನ ದೃಶ್ಯದಲ್ಲಿ, ದೂರದಲ್ಲಿ, ಬಾಳೆ ಎಲೆ ಒರೆಸುತ್ತ ಕೂತಿದ್ದೇನೆ. ಹಾಗಾದರೆ ಆ ಮಾತನ್ನು ನಾನು ಕೇಳಿದ್ದು ಎಲ್ಲಿ? ಅಕ್ಕ ಆಮೇಲೆ ಹೇಳಿದಳೇ? ಆ ರಾತ್ರಿ ಅವರ ಹಾಲಿನಲ್ಲಿ ಚಾಪೆ ಹಾಸಿಕೊಂಡು ಮಲಗಿದಾಗ ನಾನೇ ನನಗೆ ಹೇಳಿಕೊಂಡೆನೇ?

ಭಾವನನ್ನು ಕೇಳಬಹುದಿತ್ತು. ಹಲವು ದಿನ ಕೇಳಲಿಲ್ಲ. ಮನೆ ಕಟ್ಟುವ ಹೊತ್ತಿಗೆ ಅವರಿಬ್ಬರಿಗೂ ಮಗುವಿನ ಆಸೆ ಇನ್ನೂ ಇತ್ತು. ಆ ರೂಮು ಅದಕ್ಕಾಗಿ ಕಟ್ಟಿಸಿದ್ದಾದರೆ, ನನ್ನ ಪ್ರಶ್ನೆ ಅವರನ್ನು ಮತ್ತೆ ಆ ಬಾಗಿಲಲ್ಲಿ ಒಬ್ಬರನ್ನೇ ನಿಲ್ಲಿಸಿದಂತೆ. ನನಗಾಗಿ ಆಗಿದ್ದರೆ ಅವರೇ ಯಾಕೆ ಇದುವರೆಗೂ ಹೇಳಲಿಲ್ಲ? ಸೂಕ್ಷ್ಮ ಇದ್ದವರು ಸುಮ್ಮನಾಗುತ್ತಿದ್ದರೇನೋ. ನನಗೆ ಸುಮ್ಮನಿರಲು ಆಗಲಿಲ್ಲ.

ಮಧ್ಯಾಹ್ನದ ಹೊತ್ತು ಅಂಗಡಿಗೆ ಫೋನ್ ಮಾಡಿದೆ.

"ಏನವ್ವಾ, ಬಂತಾ ಮಾತು?"

"ಬಂತು ಭಾವ. ಚಪ್ಪಲಿ ಅಲ್ಲೇ ಬಿಡ್ರಿ ಅಂತಾಳೆ ಮೊದಲು."

ಅವರು ನಕ್ಕರು. "ಅವಳ್ದು ಅದೇ ಅಲ್ಲ, ಬಂದೋರಿಗೆ ನೀರು ಕೊಡಾಕೆ ಮುಂಚೆ ಚಪ್ಪಲಿ."

ನಗು ಮುಗಿಯುವವರೆಗೂ ಕಾದು ಕೇಳಿದೆ. ಅಷ್ಟರಲ್ಲಿ ಅಂಗಡಿಯಲ್ಲಿ ಯಾರೋ ಪರೀಕ್ಷೆಗೆಂದು ಮೋಟಾರ್ ಹಚ್ಚಿದರು. ಅದು ಓಡಿ ನಿಂತಿತು. ಆಮೇಲೆ, "ತಡಿಯವ್ವಾ, ಗಿರಾಕಿ ಬಂದಾರೆ, ಆಮೇಲೆ ಮಾಡ್ತೀನಿ" ಎಂದು ಇಟ್ಟರು.

ಆಮೇಲೆ ಮಾಡಿದ್ದಾರೆ ಕೂಡ. ನನಗಿದ್ದ ಕೆಮ್ಮು ಕಮ್ಮಿ ಆಯಿತಾ ಎಂದು ಕೇಳಿದರು. ಬಸ್ಸಿಗೆ ಒಂದು ಚೀಲ ಶೇಂಗಾ ಹಾಕಿದ್ದೇನೆ, ಇಳಿಸಿಕೋ ಎಂದರು. ಆ ವಿಷಯ ಎತ್ತಲಿಲ್ಲ, ನಾನೂ ಮತ್ತೆ ಎತ್ತಿಲ್ಲ. ನಾನು ಕೇಳಿದ್ದು ಅವರಿಗೆ ಸರಿಯಾಗಿ ಕೇಳಿಸಿತೇ ಎಂದು ಒಮ್ಮೊಮ್ಮೆ ಅನುಮಾನ ಬರುತ್ತದೆ. ಕೇಳಿಸಿದೆ ಎಂದೇ ಅನಿಸುತ್ತದೆ, ಏಕೆಂದರೆ ಆ ಹೊತ್ತಿಗೆ ಮೋಟಾರ್ ಇನ್ನೂ ಶುರುವಾಗಿರಲಿಲ್ಲ:

"ಭಾವ, ಆ ಚಿಕ್ಕ ರೂಮು ಯಾರಿಗೆ ಅಂತ ಮಾತಾಡಿಕೊಂಡಿದ್ರಿ ನೀವಿಬ್ಬರೂ?"