‘ಗಾರಾ’ ಎಂದರೆ ಏನು

ಮುಧೋಳದಿಂದ ರಬಕವಿಗೆ ಸೊಸೆಯಾಗಿ ಬಂದ ಹೊಸದರಲ್ಲಿ ನಾನೊಂದು ಜಂಬದ ಮಾತು ಆಡಿಬಿಟ್ಟಿದ್ದೆ, ನನಗೆ ಮರಾಠಿ ಚೆನ್ನಾಗಿ ಬರುತ್ತದೆ ಎಂದು. ಬರುತ್ತಿದ್ದುದು ಸಂತೆಯ ಮರಾಠಿ. ಬದನೆಕಾಯಿ ಚೌಕಾಸಿಗೆ ಸಾಕು, ಅಷ್ಟೇ. ಮರಾಠಿ ಬಾರದ ಮಾವನವರು ಮಾತ್ರ ಪೂರಾ ನಂಬಿದರು.

ಆಗ ನಾವು ಮುಂಬಯಿ ರಾಜ್ಯದವರು. ಓಣಿಗೆಲ್ಲ ಒಂದೇ ಬ್ಯಾಟರಿ ರೇಡಿಯೋ, ಪಕ್ಕದ ಮಾಸ್ತರರ ಮನೆಯಲ್ಲಿ. ಅದರಲ್ಲಿ ಸಂಜೆ ರೈತರಿಗಾಗಿ ಹವಾಮಾನದ ಸುದ್ದಿ ಮರಾಠಿಯಲ್ಲಿ ಬರುತ್ತಿತ್ತು. ಮಾವನವರು ನೇಕಾರರು, ಆದರೂ ಆ ಸುದ್ದಿಯ ಹುಚ್ಚು ಹತ್ತಿತ್ತು. ಅವರದೇ ಒಂದು ಲೆಕ್ಕವಿತ್ತು. ಮಗ್ಗಕ್ಕೆ ಹಾಸಿದ ನೂಲಿನ ಮೇಲೆ ಬೆರಳಾಡಿಸುತ್ತಿದ್ದರು. ಗಾಳಿ ಒಣಗಿದ್ದರೆ ಎಳೆ ಪಟಪಟ ಹರಿಯುತ್ತದೆ, ಮಳೆಗೆ ಮುಂಚೆ ತೇವ ಏರಿದರೆ ಮೆತ್ತಗಾಗುತ್ತದೆ. ಎಳೆ ಹೇಳಿದ್ದನ್ನೂ ರೇಡಿಯೋ ಹೇಳಿದ್ದನ್ನೂ ಪಕ್ಕಪಕ್ಕ ಇಟ್ಟು ನೋಡುವುದೇ ಅವರಿಗೆ ಚಟ. ಎಲ್ಲೋ ಪುಣೆಯಲ್ಲಿ ಕೂತವನಿಗೆ ನಮ್ಮ ಹೊಳೆದಂಡೆಯ ಮೋಡ ಹೇಗೆ ಕಾಣುತ್ತದೆ ಎಂದು ನನ್ನನ್ನೇ ಕೇಳುತ್ತಿದ್ದರು. ನನಗೇನು ಗೊತ್ತು? ಕೇಳಿ ಕೇಳಿ ನನಗೂ ಆ ಹುಚ್ಚು ಹಿಡಿಯಿತು. ದಿನಾ ಸಂಜೆ ಮಾಸ್ತರರ ಪಡಸಾಲೆಯಲ್ಲಿ ಕೂತು ಕೇಳಿಬಂದು ಒಪ್ಪಿಸುವ ಕೆಲಸ ನನ್ನದಾಯಿತು.

ಆ ಬೇಸಿಗೆಯಲ್ಲಿ ಅವರ ದಮ್ಮು ಜೋರಾಯಿತು. ಮಗ್ಗದ ಕೋಣೆಯ ಸೆಕೆ, ನೂಲಿನ ಧೂಳು. ನಾಲ್ಕು ರಾತ್ರಿ ಕೂತೇ ಕಳೆದರು. ಹಿತ್ತಲಲ್ಲಿ ಮಲಗೋಣವೆಂದರೆ ಹೊತ್ತಿಲ್ಲದೆ ಸುರಿಯುವ ಅಡ್ಡಮಳೆಯ ದಿನಗಳು, ನೆನೆದರೆ ಇನ್ನೂ ಕೆಡುಕು. ಅವರ ಉಸಿರಿನ ಸಪ್ಪಳ ಕೇಳಿ ನಾನೂ ಎದ್ದು ಕೂರುತ್ತಿದ್ದೆ.

ಐದನೆಯ ಸಂಜೆ ರೇಡಿಯೋ ರಾತ್ರಿಯ ಹವೆ ಹೇಳುತ್ತ ‘ಗಾರಾ’ ಅಂದಿತು. ಮುಂದಿನದು ಗರಗರ ಸದ್ದಿನಲ್ಲಿ ಹೋಯಿತು. ಮಾಸ್ತರರನ್ನು ಕೇಳಬಹುದಿತ್ತು. ಮರಾಠಿ ಬಲ್ಲವಳು ಕೇಳುವುದುಂಟೆ? ನಮ್ಮ ಕಡೆ ಚಹಾ ಆರಿದರೆ ಗಾರ ಆಯಿತು ಅನ್ನುತ್ತೇವೆ. ಓಡಿ ಬಂದು, ರಾತ್ರಿ ತಂಪಿರುತ್ತದಂತೆ, ಹೊರಗೆ ಮಲಗಿರಿ ಎಂದೆ. ಮಾವನವರು ನೂಲಿನ ಮೇಲೆ ಬೆರಳಿಟ್ಟು ಹುಬ್ಬು ಗಂಟಿಕ್ಕಿದರು.

“ಎಳಿ ಮೆತ್ತಗಾಗೇತಿ, ಬ್ಯಾರೆ ಹೇಳಾಕತ್ತೇತಿ,” ಅಂದರು. “ಇರ್ಲಿ, ನೀ ಕೇಳಿ ಬಂದೀದಿ.”

ಅವರು ಮಲಗುವ ಹೊರಸನ್ನು ನಾನೇ ಹಿತ್ತಲಿಗೆ ಎಳೆದು ಹಾಕಿದೆ.

ನಡುರಾತ್ರಿ ಎದ್ದ ಗಾಳಿಗೆ ನೆರೆಮನೆಯ ಮಾಡಿನ ತಗಡು, ಪತ್ರಾಸು, ಕಿತ್ತು ಬಂದು ಹೊರಸಿನ ಪಕ್ಕಕ್ಕೇ ಬಿತ್ತು. ಹಿಂದೆಯೇ ಆಲಿಕಲ್ಲು. ನಾವು ಬಾಗಿಲು ತೆಗೆಯುವಷ್ಟರಲ್ಲಿ ಮಾವನವರು ತಲೆಯ ಮೇಲೆ ಕೌದಿ ಹೊದ್ದು ತಡಕಾಡುತ್ತ ಬರುತ್ತಿದ್ದರು. ಹಣೆ ಒಡೆದಿತ್ತು. ಬೆಳಗಿನವರೆಗೆ ಉಸಿರಿಗಾಗಿ ಒದ್ದಾಡಿದರು, ನಾನು ಬೆನ್ನು ನೀವುತ್ತ ಕೂತೆ.

ಬೆಳಿಗ್ಗೆ ಮಾಸ್ತರರು ನೋಡಲು ಬಂದರು. ಗಾರಾ ಬೀಳುತ್ತವೆಂದು ರೇಡಿಯೋದಲ್ಲೇ ಹೇಳಿದ್ದರಲ್ಲ, ಆಲಿಕಲ್ಲಿಗೆ ಮರಾಠಿಯಲ್ಲಿ ಅದೇ ಮಾತು, ನಿಮ್ಮ ಸೊಸೆ ಹೇಳಲಿಲ್ಲವೇ ಎಂದು ಕೇಳಿದರು. ಅತ್ತೆ ನನ್ನತ್ತ ತಿರುಗಿದರು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಮಾವನವರು ಮಾತ್ರ, ಬೆರಳಿಗೆ ಗೊತ್ತಾಗಿದ್ದನ್ನು ಬಿಟ್ಟವನು ತಾನೇ ಎಂದು ಮಾತು ಮುಗಿಸಿಬಿಟ್ಟರು.

ಅಂದು ಸಂಜೆ ನಾನು ಒಲೆಯ ಮುಂದಿನಿಂದ ಏಳಲಿಲ್ಲ. ಹಣೆಗೆ ಅರಿಶಿನದ ಪಟ್ಟಿ ಕಟ್ಟಿಕೊಂಡು ಅವರೇ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು.

“ಹೊತ್ತಾತು, ಹೋಗಿ ಕೇಳಿ ಬಾ ಯವ್ವಾ. ಶಬ್ದ ಹೆಂಗೈತಿ ಹಂಗ ತಗೊಂಡ ಬಾ. ಅರ್ಥ ಇಬ್ರೂ ಕೂಡಿ ಹುಡುಕೂಣು.”

ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಮತ್ತೆ ನನ್ನನ್ನೇ ಕಳಿಸಿದರಲ್ಲ, ಅದಕ್ಕೆ ಅತ್ತುಬಿಟ್ಟೆ.