ದಿನಕ್ಕೊಂದು ಹೇಳುತ್ತಿದ್ದ ಅಕ್ಕಾವ್ರು

ಅಕ್ಕಾವ್ರ ಬಲಗೈಯ ತೋರುಬೆರಳು ತುದಿಯಲ್ಲಿ ಕೊಂಚ ಸೊಟ್ಟಗಿತ್ತು. ಚಿಕ್ಕಂದಿನಲ್ಲಿ ಬಾಗಿಲ ಸಂದಿಗೆ ಸಿಕ್ಕಿ ಹಾಗಾಗಿತ್ತಂತೆ. ಬೆಳಿಗ್ಗೆ ನಾನು ಮೆಟ್ಟಿಲಿಳಿದು ಗೇಟಿನ ಹತ್ತಿರ ಬರುವಷ್ಟರಲ್ಲಿ ಆ ಬೆರಳು ಮೇಲೇಳುತ್ತಿತ್ತು. ಎದ್ದಿತೆಂದರೆ ನನ್ನ ಬಸ್ಸು ತಪ್ಪಿದಂತೆಯೇ.

"ನಿಲ್ಲು ಹುಡುಗಿ. ಬಿದರಿ ಹೂಜಿ ಕರ್ರಗ ಯಾಕಿರತೈತಿ, ಹೇಳು?"

"ಬಣ್ಣ ಹಚ್ಚತಾರ್ರಿ."

"ಬಣ್ಣ ಅಲ್ಲ, ಮಣ್ಣು! ಬೀದರ ಕ್ವಾಟಿ ಒಳಗಿನ ಹಳೇ ಮಣ್ಣು. ಅದರಿಂದ ತಿಕ್ಕಿದ್ರ ಬೆಳ್ಳಿ ಬೆಳ್ಳಗ ಉಳಿತೈತಿ, ಬಾಕಿದ್ದು ಕರ್ರಗಾಗತೈತಿ. ಹೋಗು ಇನ್ನ, ಓಡು."

ತಾರ್ನಾಕದಲ್ಲಿ ಅವರ ಮನೆಯ ಮಹಡಿಯಲ್ಲಿ ನಾವು ಬಾಡಿಗೆಗಿದ್ದೆವು. ಗಂಡನಿಗೆ ಜೀಡಿಮೆಟ್ಲಾದ ಔಷಧ ಕಾರ್ಖಾನೆಯಲ್ಲಿ ಕೆಲಸ. ನನಗೆ, ಅಮೆರಿಕದ ಡಾಕ್ಟರುಗಳು ರೋಗಿಗಳ ಬಗ್ಗೆ ಹೇಳಿ ಕಳಿಸಿದ್ದನ್ನು ಕಿವಿಗೆ ಸಿಕ್ಕಿಸಿಕೊಂಡು ಕೇಳಿ ಟೈಪು ಮಾಡುವ ಕಂಪನಿಯಲ್ಲಿ. ಆಗ ಹೈದರಾಬಾದಿನಲ್ಲಿ ಗಲ್ಲಿಗೊಂದು ಕಂಪ್ಯೂಟರ್ ಕಲಿಸುವ ಬೋರ್ಡು ಏಳುತ್ತಿತ್ತು. ಅಕ್ಕಾವ್ರು ಮಾತ್ರ ಅದೇ ಊರಿನ ಕನ್ನಡ ಶಾಲೆಯೊಂದರಲ್ಲಿ ಪಾಠ ಹೇಳಿ ನಿವೃತ್ತರಾದವರು, ಮದುವೆಯಾಗದವರು. ನಮ್ಮ ಕಡೆ ಶಾಲೆಯಲ್ಲಿ ಕಲಿಸುವ ಹೆಣ್ಣುಮಕ್ಕಳನ್ನು ಹಾಗೇ ಕರೆಯುವುದು, ಅಕ್ಕಾವ್ರು ಅಂತ. ಶಾಲೆ ಬಿಟ್ಟರೂ ಪಾಠ ಬಿಟ್ಟಿರಲಿಲ್ಲ. ಮಕ್ಕಳು ಸಿಗದ್ದಕ್ಕೆ ನಾನು ಸಿಕ್ಕಿದ್ದೆ, ಅಷ್ಟೇ.

ದಿನಕ್ಕೆ ಒಂದೇ ಸಂಗತಿ. ಎರಡನೆಯದು ಕೇಳಿದರೆ "ನಾಳಿಗೆ" ಅನ್ನುವರು. ಮೂಸಿ ನದಿಗೆ ಮಹಾಪೂರ ಬಂದಾಗ ಒಂದು ಹುಣಸೆಮರ ಹತ್ತಿ ಎಷ್ಟೋ ಜನ ಜೀವ ಉಳಿಸಿಕೊಂಡದ್ದು ಒಂದು ದಿನ. ಆಕ್ಟೋಪಸ್ಸಿಗೆ ಮೂರು ಹೃದಯ ಅನ್ನುವುದು ಇನ್ನೊಂದು ದಿನ. ಕನ್ನಡದವೇ ಅಂದುಕೊಂಡಿದ್ದ ಅರ್ಜಿ, ಜಮೀನು, ಕಾಗದ ಎಂಬ ಮಾತುಗಳು ಎಲ್ಲಿಂದ ನಡೆದು ಬಂದವು ಅನ್ನುವುದು ಮತ್ತೊಂದು ದಿನ. ತೆಲುಗು ಬಾರದೆ ತರಕಾರಿ ಗಾಡಿಯವನೊಂದಿಗೆ ಕೈಸನ್ನೆ ಮಾಡುತ್ತಿದ್ದ ನನಗೆ ಆ ಊರು ಊರಾಗಿದ್ದು ಅವರ ಬಾಯಿಂದ.

ಸುಮ್ಮನೆ ಹೂಂಗುಟ್ಟಿದರೆ ಅವರಿಗೆ ಸಿಟ್ಟು. "ಕೋಲೆಬಸವನಂಗ ತಲಿ ಅಲ್ಲಾಡಸಬ್ಯಾಡ. ನಂದು ತಪ್ಪಿದ್ರ ತಪ್ಪು ಅನ್ನು." ಒಮ್ಮೆ ಮೆಣಸಿನಕಾಯಿ ನಮ್ಮ ದೇಶದ್ದೇ ಅಂದರು. ಅಲ್ಲ, ಪರಂಗಿಯವರು ಹಡಗಿನಲ್ಲಿ ತಂದದ್ದು ಅಂದೆ. ಸಂಜೆ ಮಂಡಿನೋವು ಕಟ್ಟಿಕೊಂಡು ಮಹಡಿ ಹತ್ತಿ ಬಂದರು, ಕೈಯಲ್ಲಿ ಬಿಸಿಬಿಸಿ ಮಿರ್ಚಿ ಭಜಿ. "ಪುಸ್ತಕ ತಗದು ನೋಡಿದೆ. ನಿಂದೇ ಖರೆ. ತಿನ್ನು." ಸೋತ ಖುಷಿ ಅಷ್ಟೊಂದು ಇರುವ ಮುಖವನ್ನು ನಾನು ಮತ್ತೆಲ್ಲೂ ಕಂಡಿಲ್ಲ.

ಐದಾರು ವರ್ಷ ಹೀಗೆ ನಡೆಯಿತು. ಆಮೇಲೊಂದು ಶ್ರಾವಣದಲ್ಲಿ ಬಿದರಿ ಹೂಜಿಯ ಪ್ರಶ್ನೆ ಮತ್ತೆ ಬಂತು. ಎರಡು ದಿನ ಬಿಟ್ಟು ಮತ್ತೆ ಅದೇ. ಆ ಭಾನುವಾರ ನನ್ನನ್ನು ಒಳಗೆ ಕರೆದು ಬಾಗಿಲು ಮುಂದೆ ಮಾಡಿದರು.

"ನನ್ನ ತಲಿ ಜಾರಾಕತ್ತೈತಿ, ನನಗ ಗೊತ್ತಾಗಾಕತ್ತೈತಿ. ಬೀದರದಾಗಿನ ನನ್ನ ತಮ್ಮ ಬಾ ಅಂತಾನ. ಹೋಗತೀನಿ, ಆದ್ರ ಈಗಲ್ಲ. ದಿನಾ ಹೇಳೂದು ಸರಿ ಇರೂತನಕ ಇಲ್ಲೇ ಇರತೀನಿ. ಮೊದಲ ಸಲ ತಪ್ಪಿದ ದಿನ ನೀ ನನಗ ಹೇಳಬೇಕು. ಆಮ್ಯಾಲೆ ಯಾವ ಪುಸ್ತಕ ಯಾರಿಗೆ ಅಂತ ನೋಡಿ ಕೊಟ್ಟು, ನನ್ನ ಸಾಲಿ ಮಕ್ಕಳನ್ನ ಭೆಟ್ಟಿ ಆಗಿ, ನನ್ನ ಟಿಕೀಟು ನಾನೇ ತಗಸಿ ಹೋಗತೀನಿ. ಯಾರೂ ನನ್ನ ಕೈ ಹಿಡದು ಒಯ್ಯಬಾರದು."

"ಹೇಳತೀನ್ರಿ ಅಕ್ಕಾವ್ರ" ಅಂದೆ.

ದಸರಾ ಹಬ್ಬದ ಬೆಳಿಗ್ಗೆ ಬೆರಳೆತ್ತಿದರು. "ಮೂಸಿಗೆ ಮಹಾಪೂರ ಬಂದಾಗ ಜನ ಬೇವಿನಮರ ಹತ್ತಿ ಉಳಕೊಂಡ್ರು. ಹೌದಲ್ಲ?" ಕಣ್ಣು ನನ್ನ ಮುಖದ ಮೇಲೇ ಇತ್ತು, ಪಾಟಿ ತೋರಿಸಲು ಬಂದ ಮಗುವಿನ ಹಾಗೆ.

"ಹೌದ್ರಿ" ಅಂದೆ.

ಅವರ ಮುಖ ಸಡಿಲವಾಯಿತು. ಹಬ್ಬದ ದಿನ ಯಾಕೆ, ನಾಳೆ ಹೇಳಿದರಾಯಿತು ಅಂದುಕೊಂಡೆ. ಮರುದಿನ ಆಕ್ಟೋಪಸ್ಸಿಗೆ ಎರಡೇ ಹೃದಯ. "ಹೌದ್ರಿ." ಆಫೀಸಿನಲ್ಲಿ ಒಂದು ಪದ ತಪ್ಪಿದರೂ ನನಗೆ ಕೆಂಪು ಗುರುತು ಬೀಳುತ್ತಿತ್ತು. ಎಲ್ಲಿಯವರೋ ಮುದುಕಿಯರ ಇದೇ ಕಾಯಿಲೆಯ ಹೆಸರನ್ನು ಅಕ್ಷರ ತಪ್ಪದೆ ದಿನಾ ಟೈಪು ಮಾಡುತ್ತಿದ್ದೆ. ಮನೆಯ ಗೇಟಿನಲ್ಲಿ ಮಾತ್ರ ಬಾಯಿ ಬರುತ್ತಿರಲಿಲ್ಲ. ಅವರ ಮನಸ್ಸು ನೋಯಿಸಬಾರದು ಅಂತ ನನಗೆ ನಾನೇ ಹೇಳಿಕೊಂಡೆ. ನಿಜವೆಂದರೆ, ಹೇಳುವಾಗ ಅವರ ಮುಖ ನೋಡುವ ಧೈರ್ಯ ನನಗಿರಲಿಲ್ಲ.

ಸಂಕ್ರಾಂತಿ ಕಳೆದು ಕೆಲವು ದಿನಕ್ಕೆ ಹಾಲು ತರಲು ಹೋದವರು ಮಧ್ಯಾಹ್ನವಾದರೂ ಬರಲಿಲ್ಲ. ಸಂಜೆ ನಾಂಪಲ್ಲಿ ಸ್ಟೇಷನ್ನಿನಿಂದ ಒಬ್ಬ ಚಹಾ ಮಾರುವವರು ಫೋನು ಮಾಡಿದರು. ಅಕ್ಕಾವ್ರ ಪರ್ಸಿನಲ್ಲಿ ನಮ್ಮ ನಂಬರ್ ಇತ್ತಂತೆ. ಹೋಗಿ ನೋಡಿದರೆ ಕಾಲಲ್ಲಿ ಚಪ್ಪಲಿಯಿಲ್ಲದೆ ಬೆಂಚಿನ ಮೇಲೆ ಕೂತಿದ್ದರು. ಮರುದಿನವೇ ಅವರ ತಮ್ಮ ಬೀದರಿನಿಂದ ಬಂದರು. "ಮೊದಲ ಯಾರಿಗೂ ಗೊತ್ತಾಗಲಿಲ್ಲೇನ್ರಿ?" ಎಂದು ಕೇಳಿದಾಗ, ಗೊತ್ತಿದ್ದೂ ನಾನೇ ಹೇಳಲಿಲ್ಲವೆಂದು ಅಕ್ಕಾವ್ರ ಎದುರಿಗೇ ಹೇಳಿಬಿಟ್ಟೆ.

ಹೊರಡುವಾಗ ತಮ್ಮ ಅವರ ಮೊಣಕೈ ಹಿಡಿದು ನಡೆಸುತ್ತಿದ್ದರು. ಗೇಟಿನ ಹತ್ತಿರ ಅಕ್ಕಾವ್ರು ನಿಂತರು. ಅವತ್ತು ಅವರ ದನಿ ತರಗತಿಯಲ್ಲಿ ಇದ್ದಿರಬಹುದಾದಷ್ಟೇ ಸ್ಪಷ್ಟವಾಗಿತ್ತು.

"ಯಾವಾಗಿಂದ ತಪ್ಪಾಕತ್ತೀನಿ?"

"ದಸರಾದಿಂದ್ರಿ."

ಬೆರಳು ಮಡಿಚಿ ಎಣಿಸಿದರು. "ನಾಕು ತಿಂಗಳು ಹತ್ರ ಆತಲ್ಲ. ಅಷ್ಟರಾಗ ಎಲ್ಲಾ ಮಾಡಿ ಮುಗಸ್ತಿದ್ದೆ, ಹುಡುಗಿ."

ಬೈದಿದ್ದರೆ ಅತ್ತು ಹಗುರಾಗುತ್ತಿದ್ದೆ. ಬೈಯಲಿಲ್ಲ. ಕಾರು ಹತ್ತಿದರು.

ಪುಸ್ತಕಗಳನ್ನು ರದ್ದಿಯವನು ತೂಕ ಹಾಕಿ ಒಯ್ದ. ವಿಷಯ ತಿಳಿದು ಹಳೆಯ ವಿದ್ಯಾರ್ಥಿಗಳು ಒಬ್ಬೊಬ್ಬರೇ ಬಂದರು. ಮಾರ್ಕೆಟ್ಟಿನಲ್ಲಿ ಅಂಗಡಿ ಇಟ್ಟವನೊಬ್ಬ ಬೀಗ ಹಾಕಿದ ಬಾಗಿಲ ಮುಂದೆ ನಿಂತು, "ಒಂದು ಮಾತು ಹೇಳಿ ಹೋಗಬೇಕಿತ್ತು ನಮ್ಮ ಅಕ್ಕಾವ್ರು" ಅಂದ. ಹೇಳಿ ಹೋಗುವುದಕ್ಕೇ ಅವರು ಕೊನೆಯ ದಿನಗಳನ್ನು ಮೀಸಲಿಟ್ಟುಕೊಂಡಿದ್ದು ಎಂದು ಅವನಿಗೆ ನಾನು ಹೇಳಲಿಲ್ಲ.

ಎರಡು ವರ್ಷದ ಮೇಲೆ ತಮ್ಮನ ಫೋನು ಬಂತು. ಹಿಂದಿನ ದಿನ ಅಕ್ಕಾವ್ರು ತೀರಿಕೊಂಡಿದ್ದರು. ನಾನು ಅಳುವುದು ಕೇಳಿಸಿತೇನೋ, ಅವರು ಸಮಾಧಾನ ಮಾಡಿದರು.

"ನಿಮ್ಮನ್ನ ಭಾಳ ನೆನಸ್ತಿದ್ರು ನೋಡ್ರಿ. ನಿಮ್ಮ ಮ್ಯಾಲೆ ಸಿಟ್ಟೇನೂ ಇರಲಿಲ್ಲ."

"ಖರೇನ್ರಿ?" ಅಂತ ಕೇಳಿದೆ.

ಅವರು ಒಂದು ಗಳಿಗೆ ತಡೆದರು. ಆಮೇಲೆ ಮೆತ್ತಗೆ, "ಹೌದ್ರಿ" ಅಂದರು.