ಸನ್ಮತಿ ಬರೆದ ಆಕ್ಷೇಪಣೆ

ಹೊಸನಗರದಲ್ಲಿ ಕಚೇರಿಗಳ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಕೂತು ಸನ್ಮತಿ ಇಪ್ಪತ್ತೆರಡು ವರ್ಷಗಳಿಂದ ಊರವರ ಅರ್ಜಿ ಟೈಪ್ ಮಾಡುತ್ತಿದ್ದ. ಪಿಂಚಣಿಯಿರಲಿ, ಬೀದಿದೀಪವಿರಲಿ, 'ಗೆ, ಮಾನ್ಯರು' ಎಂದು ಶುರುಮಾಡಿ 'ತಮ್ಮ ವಿಶ್ವಾಸಿ' ಎಂದು ಮುಗಿಸುವಷ್ಟರಲ್ಲಿ ಎದುರಿಗೆ ಕೂತವರ ಮುಖ ಅರ್ಧ ಗೆಲುವಾಗುತ್ತಿತ್ತು. ಅರ್ಜಿ ಕೈಗಿಡುವಾಗ ಒಂದು ಮಾತು ತಪ್ಪದೆ ಹೇಳುತ್ತಿದ್ದ. "ಸುಮ್ನೆ ಕೊಟ್ಟು ಬರ್ಬೇಡಿ. ಇನ್ನೊಂದು ಪ್ರತಿಗೆ ಸೀಲು ಹಾಕಿಸ್ಕಳಿ. ಸೀಲಿಲ್ದಿದ್ರೆ ಕೊಟ್ಟೇ ಇಲ್ಲ ಅಂತ ಲೆಕ್ಕ."

ಅವನ ಸ್ವಂತಕ್ಕೆ ಬೇಕಾಗಿದ್ದುದು ನಿಟ್ಟೂರು ಕಡೆಯಿಂದ ಬರುವ ಬೆಳಗಿನ ಬಸ್ಸೊಂದೇ. ಹೆಂಡತಿ ಧರ್ಮಾವತಿಯ ಎರಡೂ ಕಿಡ್ನಿ ಹೋಗಿದ್ದವು. ವಾರಕ್ಕೆರಡು ಸಲ ಆ ಬಸ್ಸಿನಲ್ಲೇ ಅವಳು ಡಯಾಲಿಸಿಸ್‌ಗೆಂದು ಸಾಗರಕ್ಕೆ ಹೋಗಬೇಕು. ಬಸ್ಸೋ, ಬಂದರೆ ಬಂತು, ಇಲ್ಲದಿದ್ದರೆ ಇಲ್ಲ.

ಹೋದ ವರ್ಷ ಕ್ಷೇತ್ರದ ನಾಯಕರು ಜನಸಂಪರ್ಕ ಸಭೆಗೆ ಬಂದಾಗ ಸನ್ಮತಿ ಅರ್ಜಿ ಹಿಡಿದು ವೇದಿಕೆ ಹತ್ತಿದ. ಅವರು ಅದನ್ನು ಮಡಿಚಿ ಗಾಳಿ ಹಾಕಿಕೊಂಡರು. "ಈಗ ಬಸ್ಸಿಗೆ ಕಾಯೋರು ಯಾರಿದಾರ್ರೀ? ಮನೆಗೊಂದು ಕಾರಿದೆ. ಈ ಕಾಗದ ಎಲ್ಲ ಬಿಡಿ, ಮೊಬೈಲಲ್ಲಿ ಹಾಕಿ, ನಾನೇ ನೋಡ್ತೀನಿ."

ಮುಂದಿನ ಸಾಲಿನವರು ನಕ್ಕರು. ಸನ್ಮತಿಗೆ ಮೈ ಉರಿಯಿತು. ಇನ್ನು ಈ ಜನಕ್ಕೆ ಕಾಗದ ಬರೆದರೆ ಕೇಳಿ ಎಂದು ಅವತ್ತೇ ತೀರ್ಮಾನಿಸಿದ.

ಬಸ್ಸಿನ ವಿಷಯ ಫೇಸ್‌ಬುಕ್‌ನಲ್ಲಿ ಹಾಕಿದ. ನಾಯಕರು ನೋಡಲಿಲ್ಲ, ಅವರ ಹಿಂದೆಮುಂದೆ ತಿರುಗುವವರು ನೋಡಿದರು. ಧರ್ಮಾವತಿಯ ಕಾಯಿಲೆಯನ್ನೂ ಬಿಡದೆ ಆಡಿಕೊಂಡು, ದೂರಿನ ಮೇಲೆ ದೂರು ಕೊಟ್ಟು ಅವನ ಖಾತೆ ಮುಚ್ಚಿಸಿದರು. ಆಗ ಕಂಪ್ಯೂಟರ್ ರಿಪೇರಿಯ ನಾಗೇಂದ್ರ ಬೇರೊಂದು ಜಾಲ ತೋರಿಸಿದ. ಅದಕ್ಕೆ ಒಬ್ಬ ಯಜಮಾನನೆಂಬುದಿಲ್ಲ. ಯಾರ್ಯಾರೋ ತಮ್ಮ ತಮ್ಮ ಸರ್ವರ್ ಇಟ್ಟುಕೊಂಡು ಒಬ್ಬರದಕ್ಕೊಬ್ಬರು ಜೋಡಿಸಿಕೊಂಡಿದ್ದಾರೆ. "ಇಲ್ಲಿ ನಿಮ್ಮನ್ನ ಯಾರೂ ಬೈಯಲ್ಲ" ಎಂದ ನಾಗೇಂದ್ರ.

ಬೈಯುವುದಕ್ಕಾದರೂ ಜನ ಬೇಕಲ್ಲ. ಸನ್ಮತಿ ಅಲ್ಲಿಯೂ 'ಮಾನ್ಯರೇ, ವಿಷಯ' ಎಂದೇ ಬರೆಯುತ್ತ ಹೋದ. ಎರಡು ತಿಂಗಳಲ್ಲಿ ಬಂದ ಉತ್ತರ ಒಂದು. ಯಾವುದೋ ದೇಶದವರೊಬ್ಬರು, ನಿಮ್ಮ ಲಿಪಿ ದುಂಡಗೆ ಚೆಂದ ಇದೆ ಎಂದಿದ್ದರು. ಆದರೂ ಆ ಸದ್ದಿಲ್ಲದ ಜಾಗ ಅವನಿಗೆ ಹಿತವಾಗಿತ್ತು. ಪಾಪ, ಅವಮಾನ ಉಂಡವನು.

ಜನವರಿಯಲ್ಲಿ ಎದುರಿನ ತಾಲ್ಲೂಕು ಕಚೇರಿಯ ಫಲಕದಲ್ಲಿ ಪ್ರಕಟಣೆ ಬಿತ್ತು. ಪ್ರಯಾಣಿಕರ ಕೊರತೆಯಿಂದ ಬೆಳಗಿನ ಬಸ್ಸು ನಿಲ್ಲಿಸಲಾಗುವುದು, ಆಕ್ಷೇಪಣೆ ಇದ್ದವರು ಹದಿನೈದು ದಿನದೊಳಗೆ ಲಿಖಿತವಾಗಿ ಸಲ್ಲಿಸತಕ್ಕದ್ದು. ಅಂಗಡಿಯಿಂದ ಅಲ್ಲಿಗೆ ಇಪ್ಪತ್ತು ಹೆಜ್ಜೆ. ಸನ್ಮತಿ ಅದರ ಫೋಟೊ ತೆಗೆದು ಜಾಲಕ್ಕೆ ಹಾಕಿ, ಕೆಳಗೆ ಆಕ್ಷೇಪಣೆ ಬರೆದ. ಅಷ್ಟು ಚೆನ್ನಾಗಿ ಅವನು ಯಾರಿಗೂ ಬರೆದುಕೊಟ್ಟಿರಲಿಲ್ಲ. ಬರೆದು ಮುಗಿಸಿದಾಗ ಎದೆ ಹಗುರಾಯಿತು, ಕೆಲಸ ಆಯಿತು ಎನಿಸಿತು. ಕೆಟ್ಟದ್ದು ಅಲ್ಲೇ.

ಅದೇ ಬಸ್ಸಿನಲ್ಲಿ ಓಡಾಡುವ ಜಯಪ್ಪ ಅಂಗಡಿಗೆ ಬಂದು, "ನಾವೆಲ್ಲ ಒಂದೊಂದು ಕೊಡ್ಬೇಕಾ?" ಎಂದು ಕೇಳಿದ. "ನಾನು ಬರ್ದಿದೀನಿ" ಎಂದ ಸನ್ಮತಿ. ಅರ್ಜಿ ಬರೆಯುವವನೇ ಬರೆದಮೇಲೆ ಇನ್ನೇನು ಎಂದು ಜಯಪ್ಪ ಊರಿಗೆಲ್ಲ ಹಾಗೇ ಹೇಳಿದ.

ಹದಿನಾರನೆಯ ದಿನ, ಶನಿವಾರ, ಫಲಕದಲ್ಲಿ ಹೊಸ ಹಾಳೆ ಇತ್ತು. ಯಾವುದೇ ಆಕ್ಷೇಪಣೆ ಬಾರದ ಕಾರಣ ಸೋಮವಾರದಿಂದ ಬಸ್ಸು ಇರುವುದಿಲ್ಲ. ಸನ್ಮತಿ ಅದನ್ನು ಮೂರು ಸಲ ಓದಿದ. ಮನೆಯಲ್ಲಿ ಹೇಳಲು ಬಾಯಿ ಬರಲಿಲ್ಲ.

ಸೋಮವಾರ ಧರ್ಮಾವತಿ ಎಂದಿನಂತೆ ಚೀಲ ಹಿಡಿದು, ಊದಿದ ಕಾಲೆಳೆಯುತ್ತ ನಿಲ್ದಾಣಕ್ಕೆ ಬಂದಳು. ಅವನೂ ಜೊತೆಗೆ ಬಂದ. ಅರ್ಧ ಗಂಟೆ ಕಾದಮೇಲೆ, ಇನ್ನು ಮುಚ್ಚಿಡಲಾಗದೆ, ಬಸ್ಸು ನಿಂತಿತೆಂದು ಹೇಳಿದ.

ಅವಳು ಕಲ್ಲಿನ ಮೇಲೆ ಕೂತಳು. "ಊರೋರ್ದೆಲ್ಲ ಬರೀತೀರಿ. ನಂಗೊಂದು ಬರೀಲಿಲ್ವಾ?"

"ಬರ್ದಿದ್ದೆ ಮಾರಾಯ್ತಿ."

"ಸೀಲು ಹಾಕಿಸ್ಕಂಡ್ರಾ?"